ಹೊಸ ಟಿವಿಯಲ್ಲಿ ಪ್ಲೇಸ್ಟೇಷನ್ 5ರ ಚಿತ್ರ ಮಂಕಾಗಿ ಕಾಣುತ್ತಿದೆ, ಎಲ್ಲಿಂದ ಸರಿಪಡಿಸಬೇಕು?

ತುಂಗಾತೀರ:

ಎಲ್ಲರಿಗೂ ನಮಸ್ಕಾರ. ಕಳೆದ ತಿಂಗಳು ನಮ್ಮ ಮನೆಗೆ 55 ಇಂಚಿನ, 120 ಹರ್ಟ್ಸ್‌ನ (ಸೆಕೆಂಡಿಗೆ 120 ಬಾರಿ ಚಿತ್ರ ಬದಲಿಸಬಲ್ಲ) 4ಕೆ ಎಲ್‌ಇಡಿ ಟಿವಿ ತಂದೆವು. ಅದಕ್ಕೆ ಮೊದಲು ಇದೇ ಪ್ಲೇಸ್ಟೇಷನ್ 5 ಅನ್ನು ಹಳೆಯ 1080ಪಿ ಟಿವಿಗೆ ಜೋಡಿಸಿ ಆಡುತ್ತಿದ್ದೆವು. ಹೊಸ ಟಿವಿಯಲ್ಲಿ ಚಿತ್ರ ದೊಡ್ಡದಾಗಿದೆ ನಿಜ, ಆದರೆ ಬಣ್ಣಗಳು ಪೇಲವವಾಗಿವೆ, ಕತ್ತಲೆಯ ದೃಶ್ಯಗಳಲ್ಲಿ ಕಪ್ಪು ಇರಬೇಕಾದ ಕಡೆ ಬೂದು ಕಾಣುತ್ತದೆ, ಎಲ್ಲಕ್ಕಿಂತ ಹೆಚ್ಚಾಗಿ ಗುಂಡಿ ಒತ್ತಿದ ಮೇಲೆ ಪಾತ್ರ ಜಿಗಿಯುವುದಕ್ಕೆ ಒಂದು ಕ್ಷಣ ತಡವಾಗುತ್ತದೆ. ಟಿವಿ ಅಳವಡಿಸಲು ಬಂದವರು ಸೌಂಡ್‌ಬಾರ್ ಅನ್ನು ಇಎಆರ್‌ಸಿ ಎಂದು ಬರೆದಿರುವ ಪೋರ್ಟ್‌ಗೂ ಪ್ಲೇಸ್ಟೇಷನ್ ಅನ್ನು ಒಂದನೇ ಪೋರ್ಟ್‌ಗೂ ಜೋಡಿಸಿ ಹೋಗಿದ್ದಾರೆ. ಇಷ್ಟು ದುಡ್ಡು ಕೊಟ್ಟು ತಂದ ಟಿವಿ ಹಳೆಯದಕ್ಕಿಂತ ಮಂಕಾಗಿ ಕಾಣುವುದಕ್ಕೆ ಕಾರಣವೇನಿರಬಹುದು? ತಿಳಿದವರು ದಯವಿಟ್ಟು ವಿವರವಾಗಿ ಹೇಳಿ.

ಬೆಳಕಿಂಡಿ:

ತುಂಗಾತೀರ ಅವರೇ, ಚಿತ್ರದ ಯಾವ ಹೊಂದಾಣಿಕೆಯನ್ನೂ ಮುಟ್ಟುವ ಮೊದಲು, ಪ್ಲೇಸ್ಟೇಷನ್‌ನಿಂದ ಟಿವಿಗೆ ನಿಜವಾಗಿ ಏನು ಹೋಗುತ್ತಿದೆ ಎಂಬುದನ್ನು ನೋಡಬೇಕು. ಸೆಟ್ಟಿಂಗ್ಸ್ ತೆರೆದು ‘ಸ್ಕ್ರೀನ್ ಅಂಡ್ ವಿಡಿಯೋ’, ಅದರೊಳಗೆ ‘ವಿಡಿಯೋ ಔಟ್‌ಪುಟ್’, ಅಲ್ಲಿ ‘ವಿಡಿಯೋ ಔಟ್‌ಪುಟ್ ಇನ್‌ಫರ್ಮೇಶನ್’ ಎಂಬಲ್ಲಿಗೆ ಹೋಗಿ. ಈಗ ಹೋಗುತ್ತಿರುವ ಸಿಗ್ನಲ್ ಯಾವುದು, ತನಗೆ ಏನೇನು ಸಾಧ್ಯ ಎಂದು ಟಿವಿ ಹೇಳಿಕೊಂಡಿದೆ, ಎರಡೂ ಅಲ್ಲಿ ಕಾಣುತ್ತವೆ. ಅಲ್ಲಿರುವುದನ್ನು ಇದ್ದ ಹಾಗೆಯೇ ಇಲ್ಲಿ ಬರೆಯಿರಿ. ಅದನ್ನು ನೋಡದೆ ಬ್ರೈಟ್‌ನೆಸ್ ಮತ್ತು ಕಾಂಟ್ರಾಸ್ಟ್ ತಿರುಗಿಸುತ್ತಾ ಕೂತರೆ ಚಿತ್ರ ಸರಿಹೋಗುವುದಿಲ್ಲ.

ತುಂಗಾತೀರ:

ನೋಡಿದೆ. ರೆಸಲ್ಯೂಶನ್ 3840 ಗುಣಿಸು 2160, 60 ಹರ್ಟ್ಸ್ ಎಂದಿದೆ. ಬಣ್ಣದ ಮುಂದೆ ವೈಯುವಿ420 ಎಂದಿದೆ. ಟಿವಿಯ ವಿವರದಲ್ಲಿ ಎಚ್‌ಡಿಆರ್‌ಗೆ (ಹೊಳಪು ಮತ್ತು ಕತ್ತಲೆಯ ಅಂತರವನ್ನು ಹೆಚ್ಚಾಗಿ ತೋರಿಸುವ ವಿಧಾನಕ್ಕೆ) ಬೆಂಬಲವಿಲ್ಲ ಎಂದೂ 120 ಹರ್ಟ್ಸ್‌ಗೆ ಬೆಂಬಲವಿಲ್ಲ ಎಂದೂ ತೋರಿಸುತ್ತಿದೆ. ಆದರೆ ಟಿವಿಯ ಪೆಟ್ಟಿಗೆಯ ಮೇಲೆ ಎರಡೂ ಇವೆ ಎಂದು ದೊಡ್ಡದಾಗಿ ಅಚ್ಚು ಹಾಕಿದ್ದಾರೆ.

ಬೆಳಕಿಂಡಿ:

ಹಾಗಾದರೆ ಮೂಲ ಕಾರಣ ಸಿಕ್ಕಿತು. ನಿಮ್ಮ ಟಿವಿ ಕೆಟ್ಟಿಲ್ಲ. ಆ ಒಂದನೇ ಪೋರ್ಟ್ ಅತ್ಯಂತ ಕಡಿಮೆ ಸಾಮರ್ಥ್ಯದ ಸ್ಥಿತಿಯಲ್ಲಿ ಕೆಲಸ ಮಾಡುತ್ತಿದೆ.

ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಏಕೆಂದರೆ ಹೊಸ ಟಿವಿ ತಂದವರ ಮನೆಗಳಲ್ಲಿ ನಾನು ಅತಿ ಹೆಚ್ಚು ಕಂಡಿರುವ ತೊಂದರೆ ಇದೇ. ಎಚ್‌ಡಿಎಂಐ 2.0 ಪೋರ್ಟ್ ಸೆಕೆಂಡಿಗೆ 18 ಗಿಗಾಬಿಟ್‌ವರೆಗೆ ಮಾಹಿತಿ ಸಾಗಿಸಬಲ್ಲದು, ಎಚ್‌ಡಿಎಂಐ 2.1 ಪೋರ್ಟ್‌ನ ಗರಿಷ್ಠ ಮಿತಿ 48 ಗಿಗಾಬಿಟ್. ಆದರೆ ಹಳೆಯ ಸೆಟ್‌ಟಾಪ್ ಬಾಕ್ಸ್‌ಗಳು ಮತ್ತು ಡಿವಿಡಿ ಪ್ಲೇಯರ್‌ಗಳು ಹೊಸ ಬಗೆಯ ಸಿಗ್ನಲ್ ಮಾತುಕತೆಯಲ್ಲಿ ತಡವರಿಸಬಾರದೆಂದು, ಅನೇಕ ಟಿವಿಗಳಲ್ಲಿ ತಯಾರಕರು ಪೋರ್ಟ್‌ಗಳನ್ನು ಬೇಕೆಂದೇ ಕಡಿಮೆ ಸಾಮರ್ಥ್ಯದಲ್ಲಿ ಇಟ್ಟು ಕಳುಹಿಸುತ್ತಾರೆ. ಆ ಸ್ಥಿತಿಯಲ್ಲಿ 4ಕೆ 60 ಹರ್ಟ್ಸ್ ಬಂದರೂ ಬಣ್ಣದ ಮಾಹಿತಿ ಕಾಲು ಭಾಗಕ್ಕೆ ಇಳಿದಿರುತ್ತದೆ. ವೈಯುವಿ420 ಎಂದರೆ ಅಕ್ಕಪಕ್ಕದ ನಾಲ್ಕು ಪಿಕ್ಸೆಲ್‌ಗಳಿಗೆ ಬೆಳಕಿನ ಪ್ರಮಾಣ ಬೇರೆಬೇರೆಯಾಗಿದ್ದರೂ ಬಣ್ಣ ಮಾತ್ರ ಒಂದೇ. ಕೆಂಪು ಹಿನ್ನೆಲೆಯ ಮೇಲಿನ ಸಣ್ಣ ಅಕ್ಷರಗಳ ಅಂಚು ಕಲಸಿದಂತೆ ಕಾಣುತ್ತಿದ್ದರೆ ಅದಕ್ಕೆ ಇದೇ ಕಾರಣ.

ಈಗ ಮಾಡಬೇಕಾದದ್ದು ಹೀಗಿದೆ. ಟಿವಿಯ ಹಿಂಭಾಗದಲ್ಲಿ ‘4ಕೆ 120 ಹರ್ಟ್ಸ್’ ಎಂದು ಬರೆದಿರುವ ಪೋರ್ಟ್‌ಗಳು ಯಾವುವು ನೋಡಿ. ಬಹಳಷ್ಟು ಮಾದರಿಗಳಲ್ಲಿ ನಾಲ್ಕರಲ್ಲಿ ಎರಡಕ್ಕೆ ಮಾತ್ರ ಆ ಸಾಮರ್ಥ್ಯವಿದೆ, ಅವುಗಳಲ್ಲೂ ಒಂದು ಇಎಆರ್‌ಸಿ ಪೋರ್ಟ್ ಆಗಿರುವುದುಂಟು. ನಿಮ್ಮ ಟಿವಿಯಲ್ಲಿ ಹಾಗಿದ್ದರೆ ಸೌಂಡ್‌ಬಾರ್ ಅಲ್ಲೇ ಇರಲಿ, ಪ್ಲೇಸ್ಟೇಷನ್ ಅನ್ನು ಇನ್ನೊಂದಕ್ಕೆ ಬದಲಿಸಿ. ಆಮೇಲೆ ಟಿವಿಯ ಸೆಟ್ಟಿಂಗ್ಸ್‌ನಲ್ಲಿ ಅದೇ ಪೋರ್ಟ್‌ನ ಪೂರ್ಣ ಸಾಮರ್ಥ್ಯವನ್ನು ತೆರೆಯಬೇಕು. ಇದಕ್ಕೆ ಒಂದೊಂದು ಕಂಪನಿ ಒಂದೊಂದು ಹೆಸರಿಟ್ಟಿದೆ: ಸ್ಯಾಮ್‌ಸಂಗ್‌ನಲ್ಲಿ ‘ಇನ್‌ಪುಟ್ ಸಿಗ್ನಲ್ ಪ್ಲಸ್’, ಎಲ್‌ಜಿಯಲ್ಲಿ ‘ಎಚ್‌ಡಿಎಂಐ ಡೀಪ್ ಕಲರ್’, ಸೋನಿಯಲ್ಲಿ ‘ಎಚ್‌ಡಿಎಂಐ ಸಿಗ್ನಲ್ ಫಾರ್ಮ್ಯಾಟ್’ ಎಂಬುದರೊಳಗೆ ‘ಎನ್‌ಹಾನ್ಸ್ಡ್ ಫಾರ್ಮ್ಯಾಟ್’. ಇದು ಪ್ರತಿ ಪೋರ್ಟ್‌ಗೂ ಪ್ರತ್ಯೇಕವಾದ ಆಯ್ಕೆ ಎಂಬುದನ್ನು ಮರೆಯಬೇಡಿ.

ಕೇಬಲ್ ಬಗ್ಗೆ ಇಷ್ಟೇ ಹೇಳುತ್ತೇನೆ: ಪ್ಲೇಸ್ಟೇಷನ್ 5ರ ಪೆಟ್ಟಿಗೆಯಲ್ಲಿ ಬಂದ ಕೇಬಲ್ ಈ ಕೆಲಸಕ್ಕೆ ಸಾಕು. ಅದನ್ನು ಬದಿಗಿಟ್ಟು ಮನೆಯಲ್ಲಿದ್ದ ಹಳೆಯ ಕೇಬಲ್ ಹಾಕಿದ್ದರೆ ತೆಗೆದುಬಿಡಿ.

ಹೊಂಗೆನೆರಳು:

ಬೆಳಕಿಂಡಿ ಅವರ ಮಾತಿಗೆ ಒಂದು ಪೂರಕ ಅಂಶ. ಟಿವಿಯ ಮೇಲೆ ‘ಎಚ್‌ಡಿಎಂಐ 2.1’ ಎಂದು ಬರೆದಿದ್ದರೆ 120 ಹರ್ಟ್ಸ್ ಇದ್ದೇ ಇರುತ್ತದೆ ಎಂದು ಯಾರೂ ಭಾವಿಸಬಾರದು. ಆ ಗುಣಮಾನದ ಹೊಸ ಸೌಲಭ್ಯಗಳೆಲ್ಲ ಐಚ್ಛಿಕ ಎಂಬುದನ್ನು ಅದರ ಪರವಾನಗಿ ಸಂಸ್ಥೆಯೇ 2021ರ ಕೊನೆಯಲ್ಲಿ ಸ್ಪಷ್ಟಪಡಿಸಿದೆ. ಅಂದರೆ 60 ಹರ್ಟ್ಸ್ ಪರದೆಯ ಟಿವಿಯೂ ಆ ಹೆಸರನ್ನು ಹಾಕಿಕೊಳ್ಳಬಹುದು. ‘ಮೋಷನ್ ರೇಟ್ 240’ ಎಂಬಂತಹ ಸಂಖ್ಯೆಗಳು ಕೂಡ ಪರದೆಯ ನಿಜವಾದ ವೇಗವಲ್ಲ. ಕೊಳ್ಳುವವರು ಅಂಗಡಿಯಲ್ಲಿ ಕೇಳಬೇಕಾದ ಪ್ರಶ್ನೆ ‘ಪ್ಯಾನೆಲ್‌ನ ನೇಟಿವ್ ರಿಫ್ರೆಶ್ ರೇಟ್ ಎಷ್ಟು’ ಎಂಬುದು ಮಾತ್ರ. ಗ್ರಾಹಕರಿಗೆ ಇಷ್ಟು ನೇರವಾದ ವಿಷಯವನ್ನು ಪೆಟ್ಟಿಗೆಯ ಮೇಲೆ ನೇರವಾಗಿ ಬರೆಯದಿರುವುದು ಅನ್ಯಾಯವೆಂದೇ ನನ್ನ ಅಭಿಪ್ರಾಯ.

ತುಂಗಾತೀರ:

ಪೋರ್ಟ್ ಬದಲಿಸಿ, ಆ ಆಯ್ಕೆಯನ್ನೂ ತೆರೆದೆ. ಟಿವಿ ಒಮ್ಮೆ ಕಪ್ಪಾಗಿ ಮತ್ತೆ ಬಂತು. ಈಗ ವಿವರದ ಪುಟದಲ್ಲಿ ಎಚ್‌ಡಿಆರ್, 120 ಹರ್ಟ್ಸ್ ಎರಡಕ್ಕೂ ಬೆಂಬಲವಿದೆ ಎಂದು ಬರುತ್ತಿದೆ. ಬಣ್ಣಗಳಲ್ಲಿ ದೊಡ್ಡ ವ್ಯತ್ಯಾಸ ಕಂಡಿದೆ, ತುಂಬಾ ಧನ್ಯವಾದಗಳು. ಆದರೆ ಗುಂಡಿ ಒತ್ತಿದಾಗಿನ ತಡ ಹಾಗೆಯೇ ಇದೆ. ಪಾತ್ರಗಳ ಚಲನೆ ವಿಚಿತ್ರವಾಗಿ ಜಾರಿದಂತಿದೆ, ಓಡುವಾಗ ತಲೆಯ ಸುತ್ತ ಒಂದು ತೆಳುವಾದ ಪೊರೆ ಅಲುಗಾಡುತ್ತದೆ.

ಕಾವೇರಿಕೊಳ್ಳ:

ಆ ಪೊರೆ ಟಿವಿಯೇ ಹುಟ್ಟಿಸುತ್ತಿರುವುದು. ಪ್ಲೇಸ್ಟೇಷನ್ ಕಳುಹಿಸಿದ ಎರಡು ಫ್ರೇಮ್‌ಗಳ (ಬಿಡಿ ಚಿತ್ರಗಳ) ನಡುವೆ ಟಿವಿ ತಾನೇ ಊಹಿಸಿ ಮೂರನೆಯದೊಂದನ್ನು ಬರೆದು ಸೇರಿಸುತ್ತದೆ. ಊಹಿಸಬೇಕಾದರೆ ಮುಂದಿನ ಫ್ರೇಮ್ ಬರುವವರೆಗೆ ಹಿಂದಿನದನ್ನು ಹಿಡಿದಿಟ್ಟುಕೊಳ್ಳಲೇಬೇಕು, ನಿಮಗೆ ಅನುಭವವಾಗುತ್ತಿರುವ ತಡದ ದೊಡ್ಡ ಪಾಲು ಅಲ್ಲಿಂದಲೇ ಬರುತ್ತದೆ. ಕ್ರಿಕೆಟ್ ನೋಡುವಾಗ ಈ ತಡ ಯಾರಿಗೂ ತಿಳಿಯುವುದಿಲ್ಲ, ಏಕೆಂದರೆ ಅಲ್ಲಿ ನಮ್ಮ ಬೆರಳಿಗೂ ಪರದೆಗೂ ಸಂಬಂಧವಿಲ್ಲ. ಆಟದಲ್ಲಿ ಆ ಸಂಬಂಧವೇ ಎಲ್ಲ. ಸಿನಿಮಾ ಅಥವಾ ವಿವಿಡ್ ವಿಧಾನದಲ್ಲಿ ಅನೇಕ ಟಿವಿಗಳ ತಡ 50ರಿಂದ 100 ಮಿಲಿಸೆಕೆಂಡ್‌ವರೆಗೆ ಇರುತ್ತದೆ. ಗೇಮ್ ಮೋಡ್‌ಗೆ ಬಂದ ಕೂಡಲೇ, ಒಳ್ಳೆಯ ಟಿವಿಯಾದರೆ, 60 ಹರ್ಟ್ಸ್‌ನಲ್ಲಿ ಸುಮಾರು 10 ಮಿಲಿಸೆಕೆಂಡ್‌ಗೆ ಇಳಿಯುತ್ತದೆ. 60 ಹರ್ಟ್ಸ್‌ನಲ್ಲಿ ಒಂದು ಫ್ರೇಮ್‌ನ ಆಯಸ್ಸು 16.7 ಮಿಲಿಸೆಕೆಂಡ್ ಎಂಬುದನ್ನು ನೆನಪಿಟ್ಟರೆ, 100 ಮಿಲಿಸೆಕೆಂಡ್ ತಡವೆಂದರೆ ಆಟ ನಿಮಗಿಂತ ಆರು ಫ್ರೇಮ್ ಮುಂದೆ ಹೋಗಿರುತ್ತದೆ.

ಆದ್ದರಿಂದ ಪಿಕ್ಚರ್ ಮೋಡ್ ಅನ್ನು ಗೇಮ್‌ಗೆ ಇಡಿ. ಪ್ಲೇಸ್ಟೇಷನ್‌ಗೆ 2022ರ ಸೆಪ್ಟೆಂಬರ್ ಅಪ್‌ಡೇಟ್‌ನಲ್ಲಿ ಎಎಲ್‌ಎಲ್‌ಎಂ ಸೌಲಭ್ಯ ಬಂದಿದೆ. ಆಟ ಶುರುವಾದಾಗ ಟಿವಿ ತಾನಾಗಿ ಗೇಮ್ ಮೋಡ್‌ಗೆ ಹೋಗಿ, ಸಿನಿಮಾ ಹಾಕಿದಾಗ ಹೊರಬರುವ ವ್ಯವಸ್ಥೆ ಅದು. ನಿಮ್ಮ ಟಿವಿಯಲ್ಲಿ ಅದನ್ನು ಆಫ್ ಮಾಡಿದ್ದಾರೋ ನೋಡಿಕೊಳ್ಳಿ.

ಗೇಮ್ ಮೋಡ್‌ಗೆ ಬಂದಮೇಲೂ ಕೆಲವನ್ನು ಕೈಯಾರೆ ತೆಗೆಯಬೇಕಾಗುತ್ತದೆ. ನಾಯ್ಸ್ ರಿಡಕ್ಷನ್ ಬೇಡ, ಏಕೆಂದರೆ ಆಟದ ಚಿತ್ರದಲ್ಲಿ ಪ್ರಸಾರದಲ್ಲಿ ಬರುವಂಥ ಚುಕ್ಕೆಚುಕ್ಕೆ ಗಲಿಬಿಲಿ ಇರುವುದೇ ಇಲ್ಲ. ವಿದ್ಯುತ್ ಉಳಿಸುವ ವಿಧಾನ ಮತ್ತು ಕೋಣೆಯ ಬೆಳಕಿಗೆ ತಕ್ಕಂತೆ ಪರದೆಯನ್ನು ಮಂದಮಾಡುವ ಸಂವೇದಕ ಎರಡನ್ನೂ ಆಫ್ ಮಾಡಿ, ಇವು ಆನ್ ಇದ್ದರೆ ಮುಂದೆ ಎಚ್‌ಡಿಆರ್ ಹೊಂದಿಸುವ ಕೆಲಸವೇ ಕೆಡುತ್ತದೆ. ಶಾರ್ಪ್‌ನೆಸ್ ಎಂಬುದು ವಿವರವನ್ನು ಹೆಚ್ಚಿಸುವುದಿಲ್ಲ, ಅಂಚುಗಳಿಗೆ ಬಿಳಿಯ ಗೆರೆ ಎಳೆಯುತ್ತದೆ ಅಷ್ಟೇ. ಅದು ಏನನ್ನೂ ಸೇರಿಸದ ತಟಸ್ಥ ಬಿಂದು ಕಂಪನಿಯಿಂದ ಕಂಪನಿಗೆ ಬೇರೆ: ಸೋನಿಯಲ್ಲಿ 50, ಬೇರೆ ಹಲವದರಲ್ಲಿ ಸೊನ್ನೆ ಅಥವಾ ಅದರ ಹತ್ತಿರ. ಪ್ಲೇಸ್ಟೇಷನ್‌ನ ಮುಖಪುಟದಲ್ಲಿರುವ ಸಣ್ಣ ಅಕ್ಷರಗಳನ್ನು ಹತ್ತಿರದಿಂದ ನೋಡುತ್ತಾ ಇಳಿಸಿ, ಅಕ್ಷರದ ಸುತ್ತಲಿನ ಬಿಳಿ ನೆರಳು ಮಾಯವಾದಲ್ಲಿ ನಿಲ್ಲಿಸಿ. ಬಣ್ಣದ ತಾಪವನ್ನು ‘ವಾರ್ಮ್’ ಕಡೆಗೆ ಇಡಿ. ಮೊದಲ ಒಂದೆರಡು ದಿನ ಹಳದಿಯಾಗಿ ಕಂಡೀತು, ಆಮೇಲೆ ಕಣ್ಣು ಒಗ್ಗಿಕೊಳ್ಳುತ್ತದೆ, ಮತ್ತೆ ನೀಲಿ ಬಿಳಿಯನ್ನು ನೋಡಲು ಮನಸ್ಸು ಬರುವುದಿಲ್ಲ.

ತುಂಗಾತೀರ:

ಗೇಮ್ ಮೋಡ್‌ಗೆ ಹಾಕಿದ ಮೇಲೆ ತಡ ಹೋಗಿದೆ, ಪೊರೆಯೂ ಹೋಗಿದೆ. ಇನ್ನು ಉಳಿದಿರುವುದು ಎಚ್‌ಡಿಆರ್. ರಾತ್ರಿಯ ದೃಶ್ಯಗಳು ಈಗ ಬೂದಾಗಿಲ್ಲ, ಆದರೆ ಆಕಾಶದ ಮೋಡಗಳೆಲ್ಲ ಒಂದೇ ಬಿಳಿ ಹಾಳೆಯಾಗಿ ಕಾಣುತ್ತವೆ.

ಬೆಳಕಿಂಡಿ:

ಅದು ಹೊಳಪಿನ ಲೆಕ್ಕ ತಪ್ಪಿರುವುದರ ಗುರುತು. ಎಚ್‌ಡಿಆರ್ ಸಿಗ್ನಲ್ ಕಾಗದದ ಮೇಲೆ 10,000 ನಿಟ್ಸ್‌ವರೆಗೆ (ನಿಟ್ಸ್ ಎಂದರೆ ಹೊಳಪಿನ ಅಳತೆ) ಹೋಗುತ್ತದೆ. ಮನೆಯ ಟಿವಿಗಳ ಗರಿಷ್ಠ ಹೊಳಪು ಅದರ ಒಂದು ಸಣ್ಣ ಭಾಗ. ಟಿವಿಯ ಮಿತಿ ಎಲ್ಲಿದೆ ಎಂಬುದು ಪ್ಲೇಸ್ಟೇಷನ್‌ಗೆ ಗೊತ್ತಾಗದಿದ್ದರೆ, ಆ ಮಿತಿಯ ಮೇಲಿರುವ ಹೊಳಪನ್ನೂ ಕಳುಹಿಸುತ್ತಲೇ ಇರುತ್ತದೆ, ಟಿವಿ ಅದನ್ನೆಲ್ಲ ಒಂದೇ ಬಿಳಿಯಾಗಿ ತೋರಿಸುತ್ತದೆ. ಮೋಡದ ಮಡಿಕೆಗಳು ಕಳೆದುಹೋಗುವುದು ಹೀಗೆ.

ಇದಕ್ಕಾಗಿ ಆಟದ ಕಂಪನಿಗಳು ಮತ್ತು ಟಿವಿ ತಯಾರಕರು ಸೇರಿ ಎಚ್‌ಜಿಐಜಿ ಎಂಬ ಒಂದು ಪದ್ಧತಿಯನ್ನು ಒಪ್ಪಿಕೊಂಡಿದ್ದಾರೆ. ಅದರ ತತ್ವ ಸರಳ: ಹೊಳಪನ್ನು ಹೊಂದಿಸುವ ಕೆಲಸವನ್ನು ಒಬ್ಬರೇ ಮಾಡಬೇಕು, ಆ ಒಬ್ಬರು ಆಟವೇ ಆಗಿರಬೇಕು, ಟಿವಿ ತನ್ನ ಮಿತಿಯವರೆಗೆ ಬಂದದ್ದನ್ನು ಬಂದಂತೆ ತೋರಿಸಿ ಸುಮ್ಮನಿರಬೇಕು. ನಿಮ್ಮ ಟಿವಿಯಲ್ಲಿ ಟೋನ್ ಮ್ಯಾಪಿಂಗ್ (ಬಂದ ಹೊಳಪನ್ನು ಟಿವಿ ತನ್ನ ಮಿತಿಗೆ ಹೊಂದಿಸುವ ಬಗೆ) ಎಂಬ ಆಯ್ಕೆಯನ್ನು ಹುಡುಕಿ, ಎಚ್‌ಜಿಐಜಿ ಇದ್ದರೆ ಅದನ್ನು ಆಯ್ಕೆಮಾಡಿ, ಇಲ್ಲದಿದ್ದರೆ ‘ಡೈನಾಮಿಕ್’ ಎಂಬುದನ್ನಾದರೂ ತೆಗೆಯಿರಿ. ಆನಂತರವೇ ಪ್ಲೇಸ್ಟೇಷನ್‌ನ ‘ಅಡ್ಜಸ್ಟ್ ಎಚ್‌ಡಿಆರ್’ ತೆರೆಯಿರಿ. ಈ ಕ್ರಮ ಮುಖ್ಯ. ಒಟ್ಟು ಮೂರು ಪರದೆಗಳು ಬರುತ್ತವೆ. ಮೊದಲ ಎರಡರಲ್ಲಿ ಸೂರ್ಯನ ಗುರುತೊಂದು ಬೆಳ್ಳನೆಯ ಹಿನ್ನೆಲೆಯಲ್ಲಿ ಕಾಣುತ್ತದೆ. ಒಂದೊಂದೇ ಹೆಜ್ಜೆ ಮೇಲೇರಿಸುತ್ತಾ, ಆ ಗುರುತು ಹಿನ್ನೆಲೆಯಲ್ಲಿ ಕರಗಿ ಮಾಯವಾದ ಹೆಜ್ಜೆಯಲ್ಲಿ ನಿಲ್ಲಿಸಬೇಕು. ಅದರಾಚೆಗೆ ಒತ್ತುತ್ತಾ ಹೋದರೂ ಪರದೆಯಲ್ಲಿ ಏನೂ ಬದಲಾಗುವುದಿಲ್ಲ, ಆದರೆ ಟಿವಿಗಿಲ್ಲದ ಹೊಳಪು ಇದೆ ಎಂದು ಪ್ಲೇಸ್ಟೇಷನ್ ನಂಬಿಕೊಳ್ಳುತ್ತದೆ. ಮೂರನೆಯದು ಕಪ್ಪಿನ ಮಟ್ಟ. ಅಲ್ಲಿಯೂ ಗುರುತು ಕಾಣದಾಗುವವರೆಗೆ ಇಳಿಸಿ, ಕೋಣೆಯ ದೀಪ ಆರಿಸಿ ಮಾಡಿದರೆ ಸರಿಯಾಗಿ ತಿಳಿಯುತ್ತದೆ. ಎಕ್ಸ್‌ಬಾಕ್ಸ್ ಸೀರೀಸ್ ಎಕ್ಸ್ ಮತ್ತು ಎಸ್ ಇರುವವರಿಗೂ ಇದೇ ಬಗೆಯ ಎಚ್‌ಡಿಆರ್ ಗೇಮ್ ಕ್ಯಾಲಿಬ್ರೇಶನ್ ಇದೆ.

ಕೆಲವು ಆಟಗಳು ಈ ಹೊಂದಾಣಿಕೆಯನ್ನು ತಾವಾಗಿ ಓದಿಕೊಳ್ಳುತ್ತವೆ, ಇನ್ನು ಕೆಲವದರಲ್ಲಿ ತಮ್ಮದೇ ಆಯ್ಕೆಗಳಿರುತ್ತವೆ. ‘ಪೇಪರ್ ವೈಟ್’ ಎಂದು ಕೇಳಿದರೆ 200 ನಿಟ್ಸ್ ಸುಮಾರಿಗೆ ಇಟ್ಟು ನೋಡಿ. ಪ್ರಸಾರ ಕ್ಷೇತ್ರದ ಅಂತರರಾಷ್ಟ್ರೀಯ ಶಿಫಾರಸಿನಲ್ಲಿ ಸಾಮಾನ್ಯ ಬಿಳಿಗೆ ಕೊಟ್ಟಿರುವ ಅಂಕೆ 203.

ಗಡಿನಾಡಿಗ:

ಬೆಳಕಿಂಡಿ ಅವರ ವಿವರಣೆ ಶಾಸ್ತ್ರೀಯವಾಗಿ ಸರಿಯಾದರೂ ಎಲ್ಲರ ಮನೆಗೆ ಹೊಂದುವುದಿಲ್ಲ ಎಂದು ನನ್ನ ಅನಿಸಿಕೆ. ನಾವು ಕಾಸರಗೋಡಿನ ಕಡೆಯವರು. ಹಜಾರಕ್ಕೆ ಪಶ್ಚಿಮದಲ್ಲಿ ದೊಡ್ಡ ಕಿಟಕಿಗಳಿವೆ, ಮಕ್ಕಳು ಆಡುವುದು ಮಧ್ಯಾಹ್ನ. ಎಚ್‌ಜಿಐಜಿ ಹಾಕಿದರೆ ಗುಹೆಯ ದೃಶ್ಯದಲ್ಲಿ ನಮ್ಮದೇ ಮುಖ ಪರದೆಯ ಮೇಲೆ ಕಾಣುತ್ತದೆ, ಆಟ ಕಾಣುವುದಿಲ್ಲ. ಡೈನಾಮಿಕ್ ಟೋನ್ ಮ್ಯಾಪಿಂಗ್ ಹಾಕಿದರೆ ನಡುವಿನ ಹೊಳಪು ಏರಿ ಆಡಲು ಸಾಧ್ಯವಾಗುತ್ತದೆ. ಇನ್ನೊಂದು ಮಾತು. ನಮ್ಮ ಟಿವಿಯಲ್ಲಿ ಲೋಕಲ್ ಡಿಮ್ಮಿಂಗ್ (ಹಿಂಬದಿಯ ದೀಪವನ್ನು ಭಾಗಭಾಗವಾಗಿ ಮಂದಮಾಡುವ ವ್ಯವಸ್ಥೆ) ಇಲ್ಲ. ಎಚ್‌ಡಿಆರ್ ಆನ್ ಮಾಡಿದರೆ ಹಿಂಬದಿಯ ದೀಪ ಪೂರ್ತಿ ಉರಿದು ಕಪ್ಪೆಲ್ಲ ಬೆಳ್ಳಗಾಗುತ್ತದೆ. ನಾವು ಎಚ್‌ಡಿಆರ್ ಅನ್ನೇ ಆಫ್ ಮಾಡಿಟ್ಟಿದ್ದೇವೆ, ಚಿತ್ರ ಚೆನ್ನಾಗಿದೆ.

ಬೆಳಕಿಂಡಿ:

ಗಡಿನಾಡಿಗ ಅವರೇ, ನಿಮ್ಮ ಎರಡನೆಯ ಮಾತನ್ನು ನಾನು ಪೂರ್ತಿ ಒಪ್ಪುತ್ತೇನೆ, ಅದನ್ನು ಇನ್ನೂ ಹೆಚ್ಚು ಜನ ಹೇಳಬೇಕು. ಎಚ್‌ಡಿಆರ್ ಸಿಗ್ನಲ್ ಅನ್ನು ಸ್ವೀಕರಿಸುವುದು ಬೇರೆ, ತೋರಿಸುವುದು ಬೇರೆ. ಒಂದೇ ಚೌಕಟ್ಟಿನಲ್ಲಿ ದೀಪದ ಜ್ವಾಲೆ ಹೊಳೆಯಬೇಕು, ಪಕ್ಕದ ಕತ್ತಲೆ ಕತ್ತಲೆಯಾಗಿಯೇ ಉಳಿಯಬೇಕು. ಅದಕ್ಕೆ ಒಎಲ್‌ಇಡಿಯಂತೆ ಪ್ರತಿ ಪಿಕ್ಸೆಲ್ ತಾನೇ ಆರಬೇಕು, ಇಲ್ಲವೇ ಹಿಂಬದಿಯ ದೀಪವನ್ನು ಭಾಗಭಾಗವಾಗಿ ಆರಿಸುವ ವ್ಯವಸ್ಥೆ ಇರಬೇಕು. ಎರಡೂ ಇಲ್ಲದ ಟಿವಿಯಲ್ಲಿ ಎಸ್‌ಡಿಆರ್, ಅಂದರೆ ಎಚ್‌ಡಿಆರ್ ಅಲ್ಲದ ಸಾಮಾನ್ಯ ಚಿತ್ರವೇ ಮೇಲು. ಪ್ಲೇಸ್ಟೇಷನ್‌ನಲ್ಲಿ ಎಚ್‌ಡಿಆರ್ ಅನ್ನು ಆಫ್ ಮಾಡಲು ಯಾರೂ ಹಿಂಜರಿಯಬೇಕಾಗಿಲ್ಲ.

ಮೊದಲನೆಯ ಮಾತಿಗೆ ನನ್ನ ಉತ್ತರ ಸ್ವಲ್ಪ ಬೇರೆ. ಹಗಲಲ್ಲಿ ಡೈನಾಮಿಕ್ ಇಟ್ಟುಕೊಳ್ಳಿ, ಅಭ್ಯಂತರವಿಲ್ಲ. ಆದರೆ ‘ಅಡ್ಜಸ್ಟ್ ಎಚ್‌ಡಿಆರ್’ ಮಾಡುವಾಗ ಮಾತ್ರ ಅದನ್ನು ತೆಗೆದು ಮಾಡಿ, ಆಮೇಲೆ ಹಾಕಿ. ಡೈನಾಮಿಕ್ ಇದ್ದಾಗಲೇ ಹೊಂದಿಸಿದರೆ ಸೂರ್ಯನ ಗುರುತು ಎಷ್ಟು ಏರಿಸಿದರೂ ಮಾಯವಾಗುವುದಿಲ್ಲ, ಏಕೆಂದರೆ ಟಿವಿ ಪ್ರತಿ ಹೆಜ್ಜೆಯಲ್ಲೂ ಅದನ್ನು ತನ್ನ ಮಿತಿಯೊಳಗೆ ಕುಗ್ಗಿಸಿ ತೋರಿಸುತ್ತಿರುತ್ತದೆ.

ಗಡಿನಾಡಿಗ:

ಈ ಕ್ರಮ ನನಗೆ ಹೊಳೆದಿರಲಿಲ್ಲ. ತಮ್ಮನ ಮನೆಯ ಟಿವಿಯಲ್ಲಿ ಲೋಕಲ್ ಡಿಮ್ಮಿಂಗ್ ಇದೆ, ಅಲ್ಲಿ ಹೀಗೆ ಮಾಡಿ ನೋಡುತ್ತೇನೆ.

ಹೊಂಗೆನೆರಳು:

120 ಹರ್ಟ್ಸ್ ಬಗ್ಗೆ ಇಲ್ಲಿಯವರೆಗೆ ಯಾರೂ ವಿವರಿಸಿಲ್ಲವಾದ್ದರಿಂದ ಬರೆಯುತ್ತಿದ್ದೇನೆ. ಅನೇಕರು ‘ನನ್ನ ಆಟ 120 ಫ್ರೇಮ್ ಓಡುವುದಿಲ್ಲ, ಹಾಗಾಗಿ ಆ ಟಿವಿ ನನಗೇಕೆ’ ಎನ್ನುತ್ತಾರೆ. 120ರ ನಿಜವಾದ ಲಾಭ ನನ್ನ ದೃಷ್ಟಿಯಲ್ಲಿ 40ರಲ್ಲಿದೆ. 60 ಹರ್ಟ್ಸ್ ಪರದೆಯಲ್ಲಿ 40 ಫ್ರೇಮ್ ಸಮವಾಗಿ ಕೂರುವುದಿಲ್ಲ: ಒಂದು ಫ್ರೇಮ್ ಒಮ್ಮೆ, ಮುಂದಿನದು ಎರಡು ಬಾರಿ ಬಂದು ಚಲನೆ ಎಡವುತ್ತದೆ. 120ರಲ್ಲಾದರೆ ಪ್ರತಿ ಫ್ರೇಮ್ ಸರಿಯಾಗಿ ಮೂರು ಬಾರಿ ಕಾಣುತ್ತದೆ. ಸಮಯದ ಲೆಕ್ಕ ಹಾಕಿದರೆ 30 ಫ್ರೇಮ್‌ಗೆ 33.3 ಮಿಲಿಸೆಕೆಂಡ್, 60ಕ್ಕೆ 16.7, 40ಕ್ಕೆ 25. ಅಂದರೆ 40 ಎಂಬುದು 30ಕ್ಕೂ 60ಕ್ಕೂ ಸರಿಯಾಗಿ ಮಧ್ಯದಲ್ಲಿದೆ. ಚಿತ್ರದ ಗುಣಮಟ್ಟವನ್ನು ಹೆಚ್ಚು ಬಿಟ್ಟುಕೊಡದೆ ಈ ನಯ ಸಿಗುತ್ತದೆ. ‘ರ‍್ಯಾಚೆಟ್ ಅಂಡ್ ಕ್ಲ್ಯಾಂಕ್: ರಿಫ್ಟ್ ಅಪಾರ್ಟ್’ ಆಟಕ್ಕೆ 2021ರಲ್ಲಿ ಈ ಆಯ್ಕೆ ಬಂದ ಮೇಲೆ ಬೇರೆ ಆಟಗಳೂ ಅದನ್ನು ಅಳವಡಿಸಿಕೊಂಡವು. ನಿಮ್ಮ ಆಟದ ಸೆಟ್ಟಿಂಗ್ಸ್‌ನಲ್ಲಿ ಇದೆಯೇ ಎಂದು ನೋಡಿ.

‘ಪರ್ಫಾರ್ಮೆನ್ಸ್’ ಆರಿಸಬೇಕೋ ‘ರೆಸಲ್ಯೂಶನ್’ ಆರಿಸಬೇಕೋ ಎಂಬುದಕ್ಕೆ ಸೋಫಾದ ದೂರವೇ ಉತ್ತರ ಹೇಳುತ್ತದೆ. 55 ಇಂಚಿನ ಟಿವಿಯ ಅಗಲ ಸುಮಾರು 122 ಸೆಂಟಿಮೀಟರ್, ಅದನ್ನು 3840ರಿಂದ ಭಾಗಿಸಿದರೆ ಒಂದು ಪಿಕ್ಸೆಲ್ ಸುಮಾರು 0.32 ಮಿಲಿಮೀಟರ್. ಸಾಮಾನ್ಯ ದೃಷ್ಟಿಯ ಕಣ್ಣಿಗೆ ಅಷ್ಟು ಸಣ್ಣದು ಬಿಡಿಯಾಗಿ ಕಾಣಬೇಕಾದರೆ ಒಂದು ಮೀಟರ್ ಆಸುಪಾಸಿನಲ್ಲಿ ಕೂರಬೇಕು. 1080ಪಿಯ ಪಿಕ್ಸೆಲ್‌ಗೆ ಆ ದೂರ ಇಮ್ಮಡಿ, ಸುಮಾರು 2.2 ಮೀಟರ್. ನಮ್ಮ ಹಜಾರಗಳಲ್ಲಿ ಟಿವಿ ಒಂದು ಗೋಡೆಗೆ, ಸೋಫಾ ಎದುರು ಗೋಡೆಗೆ, ನಡುವೆ ಮೂರು ಮೀಟರ್. ಅಷ್ಟು ದೂರದಿಂದ ಹೆಚ್ಚುವರಿ ಪಿಕ್ಸೆಲ್‌ಗಿಂತ ಹೆಚ್ಚುವರಿ ಫ್ರೇಮ್ ಕಣ್ಣಿಗೆ ಚೆನ್ನಾಗಿ ತಿಳಿಯುತ್ತದೆ. ಹಾಗಾಗಿ ದೂರ ಕೂರುವವರಿಗೆ ನಾನು ಪರ್ಫಾರ್ಮೆನ್ಸ್ ವಿಧಾನವನ್ನೇ ಹೇಳುತ್ತೇನೆ.

ಸೀಬೆತೋಪು:

ನನ್ನದು ಒಎಲ್‌ಇಡಿ. ವಿಆರ್‌ಆರ್ (ಆಟದ ಫ್ರೇಮ್ ವೇಗಕ್ಕೆ ತಕ್ಕಂತೆ ಪರದೆಯ ವೇಗ ಬದಲಾಗುವ ಸೌಲಭ್ಯ) ಆನ್ ಇದ್ದಾಗ ಆಟ ಲೋಡ್ ಆಗುವ ಕಪ್ಪು ಪರದೆಯಲ್ಲಿ ಬೆಳಕು ಮಿಣುಕುತ್ತದೆ. ಪ್ಯಾನೆಲ್ ಹಾಳಾಗಿದೆಯೇ?

ಕಾವೇರಿಕೊಳ್ಳ:

ಇಲ್ಲ, ಹಾಳಾಗಿಲ್ಲ. ಒಎಲ್‌ಇಡಿ ಪರದೆಯ ಬೆಳಕಿನ ಮಟ್ಟಗಳನ್ನು ಒಂದು ನಿಗದಿತ ವೇಗಕ್ಕೆ ತಕ್ಕಂತೆ ಹೊಂದಿಸಿರುತ್ತಾರೆ. ವಿಆರ್‌ಆರ್‌ನಲ್ಲಿ ವೇಗ ಏರಿಳಿದಾಗ, ಕಪ್ಪಿಗೆ ಹತ್ತಿರದ ಬೂದು ಛಾಯೆಗಳ ಮಟ್ಟ ಸ್ವಲ್ಪ ಅಲುಗಾಡುತ್ತದೆ. ಲೋಡ್ ಆಗುವಾಗ ಫ್ರೇಮ್ ವೇಗ ದಿಢೀರನೆ ಕುಸಿಯುವುದರಿಂದ ಅಲ್ಲಿ ಎದ್ದು ಕಾಣುತ್ತದೆ. ಆಟದ ನಡುವೆ ತೊಂದರೆ ಕೊಡದಿದ್ದರೆ ಬಿಟ್ಟುಬಿಡಿ. ಕತ್ತಲೆಯ ಆಟಗಳಲ್ಲಿ ಕಿರಿಕಿರಿಯಾದರೆ ಆ ಆಟಕ್ಕೆ ಮಾತ್ರ ವಿಆರ್‌ಆರ್ ತೆಗೆಯಿರಿ. ಪ್ಲೇಸ್ಟೇಷನ್ 5ರ ವಿಆರ್‌ಆರ್ ಕೆಲಸ ಮಾಡುವುದೇ 48ರಿಂದ 120 ಹರ್ಟ್ಸ್‌ವರೆಗೆ, ಆದ್ದರಿಂದ 30 ಫ್ರೇಮ್‌ಗೆ ಕಟ್ಟಿಹಾಕಿದ ಆಟದಲ್ಲಿ ಅದನ್ನು ತೆಗೆದರೆ ಕಳೆದುಕೊಳ್ಳುವುದು ಹೆಚ್ಚೇನಿಲ್ಲ.

ತುಂಗಾತೀರ:

ಎಚ್‌ಜಿಐಜಿ ಹಾಕಿ, ದೀಪ ಆರಿಸಿ ಮೂರೂ ಪರದೆಗಳನ್ನು ಮಾಡಿದೆ. ಮೋಡಗಳಲ್ಲಿ ಈಗ ಪದರಗಳು ಕಾಣುತ್ತಿವೆ, ಅಂಚಿಗೆ ಬಂದ ಸೂರ್ಯನ ಬೆಳಕೂ ಬೇರೆಯಾಗಿ ಕಾಣುತ್ತದೆ. ಆದರೆ ಹಳೆಯ ಪ್ಲೇಸ್ಟೇಷನ್ 4ರ ಒಂದು ಎಸ್‌ಡಿಆರ್ ಆಟ ಹಾಕಿದಾಗ ಕತ್ತಲೆಯ ಮೂಲೆಗಳೆಲ್ಲ ಮುಚ್ಚಿಹೋಗುತ್ತವೆ, ಮರದ ತೊಗಟೆಯ ಗೆರೆಗಳೂ ಕಾಣುವುದಿಲ್ಲ. ಎಚ್‌ಡಿಆರ್ ಆಟಗಳಲ್ಲಿ ಹಾಗಿಲ್ಲ.

ಬೆಳಕಿಂಡಿ:

ಎಸ್‌ಡಿಆರ್‌ನಲ್ಲಿ ಮಾತ್ರ ಹೀಗಾಗುತ್ತಿದ್ದರೆ ಆರ್‌ಜಿಬಿ ರೇಂಜ್ (ಕಪ್ಪಿನಿಂದ ಬಿಳಿಯವರೆಗಿನ ಅಂಕೆಗಳ ವ್ಯಾಪ್ತಿ) ನೋಡಿ. ಪೂರ್ಣ ವ್ಯಾಪ್ತಿಯಲ್ಲಿ ಕಪ್ಪು 0, ಬಿಳಿ 255. ಸೀಮಿತ ವ್ಯಾಪ್ತಿಯಲ್ಲಿ ಕಪ್ಪು 16, ಬಿಳಿ 235. ಪ್ಲೇಸ್ಟೇಷನ್ ಪೂರ್ಣವನ್ನು ಕಳುಹಿಸಿ ಟಿವಿ ಸೀಮಿತವೆಂದು ತಿಳಿದರೆ 16ರ ಕೆಳಗಿನದೆಲ್ಲ ಒಂದೇ ಕಪ್ಪಾಗುತ್ತದೆ, ನಿಮ್ಮ ತೊಗಟೆ ಅಲ್ಲಿಯೇ ಹೂತುಹೋಗಿದೆ. ಇದಕ್ಕೆ ವಿರುದ್ಧವಾದರೆ ಎಲ್ಲ ಬೂದಾಗುತ್ತದೆ. ಎಚ್‌ಡಿಆರ್ ಆಟಗಳಲ್ಲಿ ಸಿಗ್ನಲ್ ವೈಯುವಿಯಲ್ಲಿ ಹೋಗುತ್ತಿದ್ದರೆ ಈ ಆಯ್ಕೆ ಅನ್ವಯಿಸುವುದಿಲ್ಲ, ಅದಕ್ಕೇ ಅಲ್ಲಿ ತೊಂದರೆ ಕಾಣಲಿಲ್ಲ. ಪ್ಲೇಸ್ಟೇಷನ್‌ನಲ್ಲಿ ಆರ್‌ಜಿಬಿ ರೇಂಜ್, ಟಿವಿಯಲ್ಲಿ ಎಚ್‌ಡಿಎಂಐ ಬ್ಲ್ಯಾಕ್ ಲೆವೆಲ್ ಅಥವಾ ವಿಡಿಯೋ ರೇಂಜ್, ಎರಡನ್ನೂ ಆಟೋಗೆ ಇಡಿ. ಆಗಲೂ ಹೊಂದದಿದ್ದರೆ ಎರಡನ್ನೂ ಸೀಮಿತಕ್ಕೆ ಇಡಿ. ಪೂರ್ಣವೇ ಉತ್ತಮ ಎಂಬ ನಂಬಿಕೆ ಬೇಡ, ಎರಡೂ ಕಡೆ ಒಂದೇ ಇರುವುದು ಮುಖ್ಯ.

ತುಂಗಾತೀರ:

ಟಿವಿಯಲ್ಲಿ ‘ಲೋ’ ಎಂದಿತ್ತು, ಆಟೋ ಮಾಡಿದ ಕೂಡಲೇ ತೊಗಟೆ ಕಂಡಿತು. ಕೊನೆಯದಾಗಿ ಒಂದು ಪ್ರಶ್ನೆ: ಟಿವಿಗೆ ಸಾಫ್ಟ್‌ವೇರ್ ಅಪ್‌ಡೇಟ್ ಬಂದರೆ ಇವೆಲ್ಲವನ್ನೂ ಮತ್ತೆ ಮಾಡಬೇಕೇ?

ಕಾವೇರಿಕೊಳ್ಳ:

ಸಾಮಾನ್ಯವಾಗಿ ಉಳಿಯುತ್ತವೆ. ಫ್ಯಾಕ್ಟರಿ ರಿಸೆಟ್ ಮಾಡಿದರೆ, ಅಥವಾ ಪ್ಲೇಸ್ಟೇಷನ್ ಅನ್ನು ಬೇರೆ ಪೋರ್ಟ್‌ಗೆ ಬದಲಿಸಿದರೆ, ಪೋರ್ಟ್‌ನ ಸಾಮರ್ಥ್ಯದ ಆಯ್ಕೆಯನ್ನು ಮತ್ತೆ ತೆರೆಯಬೇಕು. ಟೋನ್ ಮ್ಯಾಪಿಂಗ್ ಅಥವಾ ಪಿಕ್ಚರ್ ಮೋಡ್ ಬದಲಿಸಿದರೆ ‘ಅಡ್ಜಸ್ಟ್ ಎಚ್‌ಡಿಆರ್’ ಅನ್ನು ಮತ್ತೆ ಮಾಡಬೇಕು. ಎಸ್‌ಡಿಆರ್ ಮತ್ತು ಎಚ್‌ಡಿಆರ್‌ಗೆ ಟಿವಿ ಪ್ರತ್ಯೇಕ ಹೊಂದಾಣಿಕೆಗಳನ್ನು ಇಟ್ಟುಕೊಳ್ಳುವುದರಿಂದ, ಶಾರ್ಪ್‌ನೆಸ್ ಮತ್ತು ವಾರ್ಮ್ ಎರಡನ್ನೂ ಒಂದು ಎಚ್‌ಡಿಆರ್ ಆಟ ಓಡುತ್ತಿರುವಾಗ ಒಮ್ಮೆ, ಎಸ್‌ಡಿಆರ್ ಆಟ ಓಡುತ್ತಿರುವಾಗ ಇನ್ನೊಮ್ಮೆ ನೋಡಿಕೊಳ್ಳಿ. ಈಗ ಇರುವ ಎಲ್ಲ ಪುಟಗಳ ಫೋಟೋವನ್ನು ಮೊಬೈಲ್‌ನಲ್ಲಿ ತೆಗೆದಿಟ್ಟರೆ ಮುಂದೆ ಹತ್ತು ನಿಮಿಷದ ಕೆಲಸ.